ತೋಟದಿಂದ ನೇರವಾಗಿ ತರಕಾರಿ ತರಿಸಿದರೆ ಸರಿಹೋಗುತ್ತಾ? ಸೂಪರ್‌ಮಾರ್ಕೆಟ್ ಬಿಡಬಹುದಾ?

ಪ್ರಶ್ನೆ ಕೇಳಿದವರು: ಜೆ.ಪಿ. ನಗರದ ಅಡುಗೆಮನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಓದಿ ಸಲಹೆ ಕೊಡಿ.

ನಮ್ಮ ಮನೆಯಲ್ಲಿ ನಾಲ್ಕು ಜನ. ನಾನು, ಯಜಮಾನರು, ಅತ್ತೆ, ಎಂಟನೇ ಕ್ಲಾಸಿನ ಮಗಳು. ಹನ್ನೊಂದು ವರ್ಷದಿಂದ ಭಾನುವಾರ ಸಂಜೆ ಸೂಪರ್‌ಮಾರ್ಕೆಟ್‌ಗೆ ಹೋಗಿ ವಾರಕ್ಕಾಗುವಷ್ಟು ತರಕಾರಿ, ಹಣ್ಣು, ಬೇಳೆ ಎಲ್ಲ ಒಟ್ಟಿಗೆ ತಂದುಬಿಡುತ್ತೇವೆ. ಇಬ್ಬರೂ ಕೆಲಸಕ್ಕೆ ಹೋಗುವವರು. ದಿನಾ ಮಾರ್ಕೆಟ್ ಸುತ್ತಲು ಆಗುವುದಿಲ್ಲ.

ಹದಿನೈದು ದಿನದ ಹಿಂದೆ ಅಲ್ಲಿಂದಲೇ ಅವರೆಕಾಯಿ ತಂದೆ. ಅತ್ತೆ ಮಾಗಡಿ ಕಡೆಯವರು. ಮೊರ ಮುಂದಿಟ್ಟುಕೊಂಡು ಕೂತರು. ಒಂದು ಕಾಯಿ ಸುಲಿದರು, ಬೆರಳು ಮೂಸಿದರು. "ಸೊಗಡೇ ಇಲ್ಲವಲ್ಲಮ್ಮ ಇದಕ್ಕೆ" ಅಂದರು. ಮೊರ ಪಕ್ಕಕ್ಕೆ ಸರಿಸಿ ಸುಮ್ನೆ ಎದ್ದು ಹೋದರು. ವರ್ಷವೆಲ್ಲ ಅವರು ಆಸೆಪಟ್ಟು ಕಾಯುವುದು ಈ ಒಂದು ಸೀಸನ್‌ಗೆ. ನನಗೆ ತುಂಬ ಬೇಜಾರಾಯಿತು.

ಅದೇ ವಾರ ನಮ್ಮ ಅಪಾರ್ಟ್‌ಮೆಂಟ್ ಗುಂಪಿನಲ್ಲಿ ಕನಕಪುರ ಕಡೆಯ ರೈತರೊಬ್ಬರ ಮೆಸೇಜ್ ಬಂತು. ಪ್ರತಿ ಶನಿವಾರ ಒಂದು ಬುಟ್ಟಿ, 450 ರೂಪಾಯಿ. ಏನೇನು ಇರುತ್ತದೆ ಅನ್ನುವುದನ್ನು ಅವರೇ ಗೊತ್ತು ಮಾಡುತ್ತಾರೆ. ಒಂದು ಸಲ ತರಿಸಿದೆ. ಎರಡು ಕೆಜಿ ಬೀಟ್‌ರೂಟ್, ಒಂದೂವರೆ ಕೆಜಿ ಟೊಮೆಟೊ, ಅರ್ಧ ಕೆಜಿ ಬೀನ್ಸ್, ಮೂಲಂಗಿ, ಒಂದು ಸಿಹಿಗುಂಬಳ, ಎರಡು ಕಟ್ಟು ದಂಟಿನ ಸೊಪ್ಪು ಬಂದವು. ಸೊಪ್ಪಿನ ಬೇರಲ್ಲಿ ಇನ್ನೂ ಹಸಿ ಮಣ್ಣಿತ್ತು. ಬೀನ್ಸ್ ಮುರಿದರೆ ಟಕ್ ಅಂತ ಶಬ್ದ ಬರುತ್ತಿತ್ತು. ಆದರೆ ಎರಡು ಬೀನ್ಸ್‌ನಲ್ಲಿ ಹುಳ ಸಿಕ್ಕಿ ಮಗಳು ಮುಟ್ಟಲೇ ಇಲ್ಲ. ಇಷ್ಟೇ ಸಾಮಾನು ಸೂಪರ್‌ಮಾರ್ಕೆಟ್‌ನಲ್ಲಿ ಸುಮಾರು 40 ರೂಪಾಯಿ ಕಡಿಮೆಗೆ ಸಿಗುತ್ತಿತ್ತು. ಎರಡು ಕೆಜಿ ಬೀಟ್‌ರೂಟ್ ಖರ್ಚು ಮಾಡುವುದಂತೂ ದೊಡ್ಡ ಕೆಲಸವಾಯಿತು.

ಈ ದಾರಿಯಲ್ಲಿ ಹೋದವರು ಇದ್ದೀರಾ? ನಿಜವಾಗಿ ರೈತರಿಗೆ ದುಡ್ಡು ಸೇರುತ್ತದಾ? "ಸಾವಯವ" ಅಂತ ಬರೆದಿದ್ದಾರೆ, ಅದನ್ನು ನಂಬುವುದು ಹೇಗೆ?

ಉತ್ತರ 1: ಸಹಕಾರನಗರದಿಂದ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ರೈತರಿಂದ ನೇರವಾಗಿ ತರಕಾರಿ ತರಿಸುವ ಗುಂಪನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಸಮಯದಲ್ಲಿ, ಬೆಳೆದದ್ದು ಹೊಲದಲ್ಲೇ ಕೊಳೆಯುತ್ತಿದೆ ಎಂದು ರೈತರು ಫೋನಿನಲ್ಲಿ ವಿಡಿಯೊ ಹಾಕುತ್ತಿದ್ದರಲ್ಲ, ಆಗ ಶುರು ಮಾಡಿದ್ದು. 42 ಮನೆಯವರು ಸೇರಿದ್ದರು. ಈಗ ಉಳಿದಿರುವುದು 17. ಬಿಟ್ಟವರಲ್ಲಿ ಜಾಸ್ತಿ ಜನ ಬೆಲೆಗೆ ಬಿಡಲಿಲ್ಲ. "ಈ ವಾರವೂ ಬೀಟ್‌ರೂಟಾ?" ಎಂದು ಬಿಟ್ಟರು. ಹಾಗಾಗಿ ನಿಮ್ಮ ಕಷ್ಟ ಅರ್ಥವಾಗುತ್ತದೆ.

ಎರಡು ವಿಷಯ ಹೇಳುತ್ತೇನೆ. ಮೊದಲನೆಯದು, ಮಾರುವವರು ನಿಜಕ್ಕೂ ರೈತರಾ ನೋಡಿ. ಒಬ್ಬರು ನಮಗೆ "ತೋಟದಿಂದ ನೇರ" ಎಂದು ಹೇಳಿ ಎಂಟು ತಿಂಗಳು ತರಕಾರಿ ಕೊಟ್ಟರು. ಒಂದು ದಿನ ಚೀಲದ ತಳದಲ್ಲಿ ಕಲಾಸಿಪಾಳ್ಯದ ಮಂಡಿ ಚೀಟಿ ಸಿಕ್ಕಿತು. ವರ್ಷದ ಹನ್ನೆರಡು ತಿಂಗಳೂ ಕ್ಯಾರೆಟ್, ಕೋಸು, ಕ್ಯಾಪ್ಸಿಕಂ, ಆಲೂಗಡ್ಡೆ ಎಲ್ಲ ಕೊಡುತ್ತೇನೆ ಎನ್ನುವವರ ಹತ್ತಿರ ಒಂದೇ ತೋಟದ ಬೆಳೆ ಇರಲು ಸಾಧ್ಯವಿಲ್ಲ. ನಿಮಗೆ ಬೀಟ್‌ರೂಟ್ ಜಾಸ್ತಿ ಬಂದಿದೆ ಅಂದರೆ ಅದು ಒಳ್ಳೆಯ ಲಕ್ಷಣ. ಅವರ ಹೊಲದಲ್ಲಿ ಈಗ ಅದೇ ಇದೆ.

ಎರಡನೆಯದು ಸಾವಯವದ ಮಾತು. ಅಂಗಡಿಯಲ್ಲಿ ಸಾವಯವ ಎಂದು ಮಾರಬೇಕಾದರೆ ಸರ್ಟಿಫಿಕೇಟ್ ಬೇಕು, ಪ್ಯಾಕೆಟ್ ಮೇಲೆ ಜೈವಿಕ್ ಭಾರತ್ ಗುರುತು ಇರುತ್ತದೆ. ಆದರೆ ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ನಿಯಮದಲ್ಲಿ ಸಣ್ಣ ರೈತರಿಗೆ ವಿನಾಯಿತಿ ಇದೆ. ವರ್ಷಕ್ಕೆ 12 ಲಕ್ಷದೊಳಗೆ ವಹಿವಾಟಿದ್ದು, ತಿನ್ನುವವರಿಗೇ ನೇರವಾಗಿ ಮಾರಿದರೆ ಸರ್ಟಿಫಿಕೇಟ್ ಬೇಕಿಲ್ಲ. ಅಂದರೆ ಅವರ ಹತ್ತಿರ ಕಾಗದ ಇಲ್ಲ ಎಂದ ಮಾತ್ರಕ್ಕೆ ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ಒಂದು ಭಾನುವಾರ ಮಗಳನ್ನೂ ಕರೆದುಕೊಂಡು ತೋಟಕ್ಕೆ ಹೋಗಿ ಬನ್ನಿ. ಬರಬೇಡಿ ಎಂದರೆ ಅಲ್ಲಿಗೆ ಉತ್ತರ ಸಿಕ್ಕಿತು.

ಉತ್ತರ 2: ಮಾಲೂರಿನ ತೋಟದವನು

ನಾನು ಬೆಳೆಯುವವನು. ಕೋಲಾರ ಜಿಲ್ಲೆ, ಮಾಲೂರು ತಾಲ್ಲೂಕು. ಎರಡೂವರೆ ಎಕರೆ ನೀರಾವರಿ, ಒಂದು ಎಕರೆ ಮಳೆಯನ್ನು ನಂಬಿದ ಹೊಲ. ಬೋರ್‌ವೆಲ್ 1,240 ಅಡಿ. ಟೊಮೆಟೊ, ಬೀನ್ಸ್, ಹೀರೆ, ಸೊಪ್ಪು ಬೆಳೆಯುತ್ತೇನೆ. ಮೂರು ಕಡೆಯೂ ಮಾರುತ್ತೇನೆ. ಕೋಲಾರದ ಮಂಡಿಗೆ ಹಾಕುತ್ತೇನೆ, ಒಂದು ದೊಡ್ಡ ಸೂಪರ್‌ಮಾರ್ಕೆಟ್‌ನವರ ಕಲೆಕ್ಷನ್ ಸೆಂಟರ್‌ಗೆ ಕೊಟ್ಟಿದ್ದೇನೆ, ಬೆಂಗಳೂರಿನ 60 ಮನೆಗಳಿಗೆ ಐದು ವರ್ಷದಿಂದ ನೇರವಾಗಿ ತಲುಪಿಸುತ್ತಿದ್ದೇನೆ. ಮೂರನ್ನೂ ಕಂಡವನಾಗಿ ಹೇಳುತ್ತೇನೆ.

ಸೂಪರ್‌ಮಾರ್ಕೆಟ್‌ನವರನ್ನು ನಾನು ಬೈಯುವುದಿಲ್ಲ. ಎಲೆಕ್ಟ್ರಾನಿಕ್ ತಕ್ಕಡಿ, ತೂಕದಲ್ಲಿ ಮೋಸ ಇಲ್ಲ. ಕಮಿಷನ್ ಹಿಡಿಯುವುದಿಲ್ಲ. ದುಡ್ಡು ಬ್ಯಾಂಕಿಗೆ ಬರುತ್ತದೆ. ಮಂಡಿಯಲ್ಲಿ ಕಮಿಷನ್ ಕೊಡಬೇಕಾದವನು ಕೊಂಡವನು, ಬೆಳೆದವನಲ್ಲ. ಕಾನೂನು ಇರುವುದೇ ಹಾಗೆ. ಆದರೂ ಅಧಿಕೃತ ಬಿಲ್ಲಿಲ್ಲದೆ ಬರೆದುಕೊಡುವ ಬಿಳಿ ಚೀಟಿಯಲ್ಲಿ ನಮ್ಮ ಲೆಕ್ಕದಿಂದಲೇ ಮುರಿದುಕೊಂಡಿದ್ದನ್ನು ನಾನೇ ಅನುಭವಿಸಿದ್ದೇನೆ.

ಆದರೆ ಕಲೆಕ್ಷನ್ ಸೆಂಟರ್‌ನಲ್ಲಿ ಏನಾಗುತ್ತದೆ ಅನ್ನುವುದನ್ನು ನೀವು ಒಂದು ಸಲ ನೋಡಬೇಕು. ನಾಲ್ಕು ವರ್ಷದ ಹಿಂದಿನ ಮಾತು. ಬೆಳಿಗ್ಗೆ ಐದಕ್ಕೆ ಎದ್ದು, ನಾನೂ ನನ್ನ ಹೆಂಡತಿಯೂ ನಾಲ್ಕು ಆಳುಗಳೂ ಸೇರಿ ಹಣ್ಣು ಬಿಡಿಸಿ, 30 ಬಾಕ್ಸ್ ತುಂಬಿ ಒಯ್ದೆವು. ಬಾಕ್ಸಿಗೆ 15 ಕೆಜಿ. ಅಲ್ಲಿ ಒಬ್ಬ ಹುಡುಗ ಹಣ್ಣುಗಳನ್ನು ಮೇಜಿನ ಮೇಲೆ ಸುರಿದು ಒಂದೊಂದೇ ತಿರುಗಿಸಿ ನೋಡುತ್ತಾನೆ. ಸೈಜು, ಬಣ್ಣ, ಕಲೆ. 19 ಬಾಕ್ಸ್ ಆಯಿತು, 11 ಬಾಕ್ಸ್ ವಾಪಸ್. ಯಾಕಪ್ಪಾ ಎಂದು ಕೇಳಿದೆ. ಒಂದು ಹಣ್ಣು ಕೈಗೆ ಕೊಟ್ಟ. ತೊಟ್ಟಿನ ಪಕ್ಕ ಜೀರಿಗೆ ಕಾಳಿನಷ್ಟು ಒಂದು ಗೀರು. ಗಾಳಿಗೆ, ಗಿಡಕ್ಕೆ ಆಸರೆಯಾಗಿ ನೆಟ್ಟ ನೀಲಗಿರಿ ಕಡ್ಡಿಗೆ ಉಜ್ಜಿ ಆದದ್ದು. ಸಿಪ್ಪೆ ಒಣಗಿ ಮುಚ್ಚಿಕೊಂಡಿತ್ತು. ಒಳಗೆ ಹಣ್ಣಿಗೆ ಏನೂ ಆಗಿರಲಿಲ್ಲ. ಅಲ್ಲೇ ಕಚ್ಚಿ ತಿಂದೆ. ಆ ಹುಡುಗನೂ ಒಳ್ಳೆಯವನೇ. "ಗೊತ್ತಣ್ಣ, ಆದರೆ ಅಂಗಡಿಯಲ್ಲಿ ಕಸ್ಟಮರ್ ಇದನ್ನು ಎತ್ತಿ ಪಕ್ಕಕ್ಕಿಡುತ್ತಾರೆ" ಅಂದ. ಅಷ್ಟು ಹೊತ್ತಿಗೆ ಮಂಡಿಯ ಹರಾಜೂ ಮುಗಿದಿತ್ತು. ಆ 11 ಬಾಕ್ಸ್ ಮಾರನೇ ದಿನ ಮೆತ್ತಗಾದ ಮೇಲೆ ಸಿಕ್ಕಿದ ಬೆಲೆಗೆ ಹೋಯಿತು.

ಹಾಗಾಗಿ ಸೂಪರ್‌ಮಾರ್ಕೆಟ್‌ನಲ್ಲಿ ಕೆಜಿಗೆ ಎಷ್ಟು ಎಂದು ನೋಡಿ ಬುಟ್ಟಿಯ ಬೆಲೆಗೆ ಹೋಲಿಸುವಾಗ ಇದನ್ನೂ ನೆನಪಿಟ್ಟುಕೊಳ್ಳಿ. ಅಲ್ಲಿ ನಿಮಗೆ ಕಾಣುವುದು 19 ಬಾಕ್ಸ್. ಬೆಳೆಯಲು ಖರ್ಚಾಗಿದ್ದು 30 ಬಾಕ್ಸಿಗೆ.

ರೈತರಿಗೆ ದುಡ್ಡು ಸೇರುತ್ತದಾ ಎಂದು ಕೇಳಿದ್ದೀರಿ. 2024ರಲ್ಲಿ ರಿಸರ್ವ್ ಬ್ಯಾಂಕ್ ಹೊರತಂದ ಒಂದು ಅಧ್ಯಯನದ ಪ್ರಕಾರ, ತಿನ್ನುವವರು ಕೊಡುವ ಒಂದು ರೂಪಾಯಿಯಲ್ಲಿ ಟೊಮೆಟೊ ಬೆಳೆದವನಿಗೆ ಸಿಗುವುದು 33 ಪೈಸೆ. ಈರುಳ್ಳಿಗೆ 36, ಆಲೂಗಡ್ಡೆಗೆ 37. ಪೇಪರಿನಲ್ಲಿ ಓದಿದಾಗ ನನ್ನ ಲೆಕ್ಕದ ಪುಸ್ತಕ ತೆಗೆದು ನೋಡಿದೆ. ಮಂಡಿಗೆ ಹಾಕಿದ್ದು ಹೆಚ್ಚುಕಡಿಮೆ ಅಷ್ಟೇ ಇತ್ತು. ಮನೆಗಳಿಗೆ ನೇರವಾಗಿ ಕೊಟ್ಟಿದ್ದರಲ್ಲಿ ಗಾಡಿ ಬಾಡಿಗೆ, ಡೀಸೆಲ್, ಒಡೆದುಹೋಗಿದ್ದು ಎಲ್ಲ ಕಳೆದು ಸುಮಾರು 65 ಪೈಸೆ ಕೈಗೆ ಉಳಿದಿತ್ತು. ಪೂರ್ತಿ ನೂರು ಪೈಸೆ ಅಲ್ಲ. ದಲ್ಲಾಳಿ ಇಲ್ಲದಿದ್ದರೂ ದಲ್ಲಾಳಿಯ ಕೆಲಸವನ್ನು ಯಾರಾದರೂ ಮಾಡಲೇಬೇಕಲ್ವಾ? ಮಂಡಿಯವನು ಮಾಡುತ್ತಿದ್ದ ಎತ್ತಿಳಿಸುವುದು, ಬೇರ್ಪಡಿಸುವುದು, ವಸೂಲಿ ಎಲ್ಲ ಈಗ ನಾವೇ ಮಾಡುತ್ತೇವೆ. ಶುಕ್ರವಾರ ರಾತ್ರಿ ಹನ್ನೊಂದರವರೆಗೂ ಮನೆಮಂದಿಯೆಲ್ಲ ಕೂತು ಚೀಲ ಕಟ್ಟುತ್ತೇವೆ.

ಆದರೆ ನನಗೆ ಪೈಸೆಗಿಂತ ದೊಡ್ಡ ವಿಷಯ ಬೇರೆ ಇದೆ. ಅದನ್ನು ಹೇಳಬೇಕೆಂದೇ ಬರೆಯಲು ಕೂತೆ.

2021ರ ಮೇ ತಿಂಗಳು. ಎರಡನೇ ಲಾಕ್‌ಡೌನ್. ಹೊರರಾಜ್ಯದ ವ್ಯಾಪಾರಿಗಳು ಬರಲಿಲ್ಲ. ನನ್ನ ಟೊಮೆಟೊ 15 ಕೆಜಿ ಬಾಕ್ಸಿಗೆ ಮಂಡಿಯಲ್ಲಿ 40 ರೂಪಾಯಿ ಆಯಿತು. ಕೊಯ್ಲಿನ ಕೂಲಿಯೂ ಹುಟ್ಟಲಿಲ್ಲ. ಪಕ್ಕದ ಹೊಲದವರು ಹಣ್ಣನ್ನು ಗಿಡದಲ್ಲೇ ಬಿಟ್ಟು ದನ ಬಿಟ್ಟರು. ಆಗ ಈ 60 ಮನೆಯವರು ನನ್ನ ಹತ್ತಿರ ಕೆಜಿಗೆ 25 ರೂಪಾಯಿ ಕೊಟ್ಟು ತಗೊಂಡರು. ವರ್ಷಪೂರ್ತಿ ಒಂದೇ ಬೆಲೆ ಎಂದು ಮೊದಲೇ ಮಾತಾಗಿತ್ತು. ಬೀದಿಯಲ್ಲಿ ತಳ್ಳುಗಾಡಿಯವರು ಅದಕ್ಕಿಂತ ತುಂಬ ಕಡಿಮೆಗೆ ಕೊಡುತ್ತಿದ್ದರು. ಆದರೂ ಒಬ್ಬರೂ ಬಿಡಲಿಲ್ಲ. ಒಬ್ಬ ತಾಯಿ ಎರಡು ಕೆಜಿ ಜಾಸ್ತಿ ತಗೊಂಡು ಗೊಜ್ಜು ಮಾಡಿ ಒಂದು ಬಾಟಲಿ ನನ್ನ ಮನೆಗೇ ಕಳಿಸಿದರು.

ಆಮೇಲೆ 2023ರ ಜುಲೈ ಬಂತು. ಎಲೆ ಮುದುಡುವ ರೋಗ ಬಂದು ನಮ್ಮ ಕಡೆ ಅರ್ಧಕ್ಕರ್ಧ ಬೆಳೆ ಹೋಯಿತು. ಕೋಲಾರದಲ್ಲಿ ಬಾಕ್ಸು 2,000 ರೂಪಾಯಿ ದಾಟಿತು. ನನಗೆ ಒಂದು ಕೊಯ್ಲಿಗೆ ಸಿಗುತ್ತಿದ್ದದ್ದೇ 12 ಬಾಕ್ಸ್. ಅದರಲ್ಲಿ ನಾಲ್ಕು ಬಾಕ್ಸ್ ಆ ಮನೆಗಳಿಗೆ ತೆಗೆದಿಟ್ಟೆ, ಮನೆಗೊಂದು ಕೆಜಿ. ಬೆಲೆ ಅದೇ 25. ನನ್ನ ತಮ್ಮ ಜಗಳಕ್ಕೇ ಬಂದ. ಎಂಟು ಸಾವಿರ ರೂಪಾಯಿಯ ಮಾಲು ಹೀಗೆ ಕೊಡುತ್ತೀಯಲ್ಲ ಅಂದ. ಎರಡನೇ ವಾರ ಆ ಮನೆಯವರೇ ಮಾತಾಡಿಕೊಂಡು 50ರಂತೆ ಲೆಕ್ಕ ಹಾಕಿ ದುಡ್ಡು ಕಳಿಸಿದರು. ನಾನು ಕೇಳಿರಲಿಲ್ಲ. ಆ ದಿನ ಫೋನ್ ನೋಡುತ್ತಾ ಪಂಪ್‌ಸೆಟ್ ಮನೆಯ ಕಟ್ಟೆ ಮೇಲೆ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಅಕ್ಕ, ನೇರವಾಗಿ ತಗೊಳ್ಳುವುದು ಅಂದರೆ ನನ್ನ ಮಟ್ಟಿಗೆ ಇದೇ. ಬೆಲೆ ಬಿದ್ದಾಗ ನೀವು ಬಿಡಬಾರದು, ಬೆಲೆ ಏರಿದಾಗ ನಾನು ಬಿಡಬಾರದು. ಒಂದು ವಾರ ತರಿಸಿ ಮೂರು ವಾರ ಸುಮ್ಮನಾದರೆ, ಆ ಮೂರು ವಾರದ ಬುಟ್ಟಿಯನ್ನು ನಾನು ಎಲ್ಲಿಗೆ ಒಯ್ಯಲಿ? ಬೀಜ ಹಾಕಿದ್ದು ಎರಡೂವರೆ ತಿಂಗಳ ಹಿಂದೆ.

ಹುಳದ ವಿಷಯ. ಬೀನ್ಸ್‌ನಲ್ಲಿ ಹುಳ ಬಂದರೆ ಉಪ್ಪುನೀರಿನಲ್ಲಿ ಹತ್ತು ನಿಮಿಷ ಹಾಕಿ, ತೂತಿದ್ದಷ್ಟು ಕತ್ತರಿಸಿ. ನಾನು ಸಾವಯವ ಅಲ್ಲ, ಅದನ್ನು ನನ್ನ ಗಿರಾಕಿಗಳಿಗೆ ಮೊದಲ ದಿನವೇ ಹೇಳಿದ್ದೇನೆ. ಟೊಮೆಟೊಗೆ ಊಜಿ ಕೀಟ ಬಿದ್ದರೆ ಔಷಧಿ ಹೊಡೆಯದೆ ಬೆಳೆ ಉಳಿಸುವುದು ನನಗೆ ಇನ್ನೂ ಆಗಿಲ್ಲ. ಆದರೆ ಹೊಡೆದ ಮೇಲೆ ಡಬ್ಬದ ಮೇಲೆ ಬರೆದಷ್ಟು ದಿನ ಮನೆಗಳಿಗೆ ಕೊಡುವ ಸಾಲುಗಳನ್ನು ಬಿಡಿಸುವುದಿಲ್ಲ. ನಿಮ್ಮ ರೈತರನ್ನೂ ಹೀಗೇ ಬಿಡಿಸಿ ಕೇಳಿ. "ಸಾವಯವನಾ?" ಎಂದರೆ ಎಲ್ಲರೂ ಹೌದು ಅನ್ನುತ್ತಾರೆ. "ಕಳೆದ ಸಲ ಏನು ಹೊಡೆದಿರಿ, ಯಾವತ್ತು?" ಎಂದು ಕೇಳಿ.

ಇನ್ನೊಂದು ಮುಖ್ಯ ಪ್ರಶ್ನೆ, ನೀರು ಎಲ್ಲಿಯದು? ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಬಿಡದಿ ಹತ್ತಿರ ಬೈರಮಂಗಲದ ಕೆರೆ ತುಂಬಿ, ಮುಂದೆ ಕನಕಪುರದ ಕಡೆಗೇ ಹೋಗಿ ಅರ್ಕಾವತಿ ಸೇರುತ್ತದೆ. ಆ ನೀರು ಹಾಯಿಸಿದ ಸೊಪ್ಪು ಎಷ್ಟು ಹಸಿರಾಗಿದ್ದರೂ ನಾನು ತಿನ್ನುವುದಿಲ್ಲ. ನಿಮ್ಮವರದು ಬೋರ್ ನೀರೋ, ಕಾಲುವೆ ನೀರೋ ಕೇಳಿಬಿಡಿ. ತೋಟದಿಂದ ನೇರ ಬಂದಿದೆ ಎಂದ ಮಾತ್ರಕ್ಕೆ ನೀರು ಚೆನ್ನಾಗಿದೆ ಎಂದಾಗುವುದಿಲ್ಲ.

ಜೆ.ಪಿ. ನಗರದ ಅಡುಗೆಮನೆ

ಇದನ್ನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದೆ. ತುಂಬ ಧನ್ಯವಾದ. ನೀರಿನ ವಿಷಯ ನನಗೆ ಹೊಳೆದೇ ಇರಲಿಲ್ಲ, ಈಗಲೇ ಕೇಳುತ್ತೇನೆ. ಅತ್ತೆಯದು ಒಂದೇ ಪ್ರಶ್ನೆ. ಅಂಗಡಿಯ ಅವರೆಗೆ ಸೊಗಡು ಯಾಕಿಲ್ಲ?

ಮಾಲೂರಿನ ತೋಟದವನು

ಅಮ್ಮನವರು ಸರಿಯಾಗಿಯೇ ಹಿಡಿದಿದ್ದಾರೆ. ಹಳೇ ನಾಟಿ ಅವರೆ ಹಗಲು ಕಡಿಮೆಯಾದಾಗ ಮಾತ್ರ ಹೂ ಬಿಡುತ್ತದೆ. ಅದಕ್ಕೇ ಡಿಸೆಂಬರ್, ಜನವರಿಯ ಚಳಿಗೆ ಸರಿಯಾಗಿ ಕಾಯಿ ಬರುವುದು. ಹಗಲಿನ ಲೆಕ್ಕ ಇಲ್ಲದೆ ವರ್ಷದ ಯಾವ ಕಾಲದಲ್ಲಾದರೂ ಬೆಳೆಯುವ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಬಿಡುಗಡೆ ಮಾಡಿದ್ದಾರೆ, ಹೆಬ್ಬಾಳ ಅವರೆ ಎಂದು. ನಮಗೆ ಅದರಿಂದ ಅನುಕೂಲವಾಗಿದೆ, ಇಲ್ಲ ಎನ್ನುವುದಿಲ್ಲ. ಬೇಸಿಗೆಯಲ್ಲೂ ಅವರೆ ಸಿಗುತ್ತದೆ. ಆದರೆ ಆ ಎಣ್ಣೆ ಎಣ್ಣೆ ಅಂಟು, ಕೈ ತೊಳೆದರೂ ಹೋಗದ ವಾಸನೆ, ಅದು ಇಬ್ಬನಿ ಬಿದ್ದ ನಾಟಿ ಕಾಯಿಗೇ ಜಾಸ್ತಿ. ಬಿಡಿಸಿ ಎರಡು ಮೂರು ದಿನ ಕಳೆದರೆ, ತಣ್ಣನೆಯ ಕೋಣೆಯಲ್ಲಿಟ್ಟರೆ, ಅಂಟು ಆರಿಹೋಗುತ್ತದೆ.

ನಮ್ಮ ಮಳೆ ಹೊಲದಲ್ಲಿ ರಾಗಿ ಮಧ್ಯೆ ಅಕ್ಕಡಿ ಸಾಲಿನಲ್ಲಿ ಅಪ್ಪನ ಕಾಲದ ಬೀಜದ ಅವರೆಯನ್ನೇ ಹಾಕುತ್ತೇವೆ. ರಾಗಿ ಕೊಯ್ಲಾದ ಮೇಲೆ ಹೊಲದಲ್ಲಿ ಅವರೆ ಒಂದೇ ನಿಂತಿರುತ್ತದೆ. ನಿಮ್ಮ ಕನಕಪುರದವರೂ ರಾಗಿ ಬೆಳೆಯುವವರೇ ಇರುತ್ತಾರೆ. ಅಕ್ಕಡಿ ಅವರೆ ಇದೆಯಾ ಎಂದು ಕೇಳಿ. ಇದ್ದರೆ ಬುಟ್ಟಿಯಲ್ಲಿ ಬೀಟ್‌ರೂಟ್ ಬದಲು ಅದನ್ನೇ ಹಾಕಿ ಎನ್ನಿ. ಕೇಳಿದರೆ ಕೊಡದಿರುವವರು ಕಡಿಮೆ. ಜೊತೆಗೆ ವರ್ಷಕ್ಕೆ ಬೇಕಾಗುವ ರಾಗಿಯನ್ನೂ ಅವರಿಂದಲೇ ತಗೊಳ್ಳಿ. ರಾಗಿಗೆ ಸುಲಭಕ್ಕೆ ಹುಳ ಬೀಳುವುದಿಲ್ಲ. ಹಿಂದೆ ನಮ್ಮವರು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಾಳಿನ ಗುಂಡಿಯಲ್ಲಿ, ವರ್ಷಗಟ್ಟಲೆ ಇಡುತ್ತಿದ್ದರು.

ಉತ್ತರ 3: ಮೈಸೂರಿನ ನಿವೃತ್ತ ಮೇಷ್ಟ್ರು

ಬುಟ್ಟಿ, ಸೂಪರ್‌ಮಾರ್ಕೆಟ್ ಎರಡೇ ದಾರಿ ಎಂದುಕೊಳ್ಳಬೇಡಿ. ಮೈಸೂರಿನಲ್ಲಿ ನಾನು ಬೆಳಿಗ್ಗೆ ಆರೂವರೆಗೆ ಎಂ.ಜಿ. ರಸ್ತೆ ಮಾರುಕಟ್ಟೆಗೆ ನಡೆದುಕೊಂಡು ಹೋಗುತ್ತೇನೆ. ಸುತ್ತಲ ಹಳ್ಳಿಯ ಹೆಂಗಸರು ಗೋಣಿತಾಟು ಹಾಸಿ ಕೂತಿರುತ್ತಾರೆ. ಯಾರು ಬೆಳೆದವರು, ಯಾರು ಕೊಂಡು ಮಾರುವವರು ಎನ್ನುವುದು ತಿಂಗಳಲ್ಲಿ ತಿಳಿದುಹೋಗುತ್ತದೆ. ಬೆಳೆದವರ ಮುಂದೆ ಎರಡೋ ಮೂರೋ ಬಗೆ ಇರುತ್ತದೆ, ಅಷ್ಟೇ. ನಂಜನಗೂಡು ರಸಬಾಳೆ ನನಗೆ ಸಿಕ್ಕಿದ್ದು ಅಂಥ ಒಬ್ಬರ ಹತ್ತಿರವೇ. ರೋಗ ಬಿದ್ದು ಆ ಬಾಳೆ ಎಷ್ಟು ಕಡಿಮೆಯಾಗಿದೆ ಎಂದರೆ, ಸೂಪರ್‌ಮಾರ್ಕೆಟ್‌ನಲ್ಲಿ ನಾನು ಒಂದು ದಿನವೂ ಕಂಡಿಲ್ಲ.

ಬೆಂಗಳೂರಿನವರಿಗೆ ಹಣ್ಣು, ತರಕಾರಿ ಮಾರುವ ಹಾಪ್‌ಕಾಮ್ಸ್ ಮಳಿಗೆಗಳಿವೆ, ಅದನ್ನು ಮರೆಯಬೇಡಿ. 1959ರಲ್ಲಿ ತೋಟಗಾರಿಕೆ ಇಲಾಖೆಯ ಡಾ. ಎಂ.ಎಚ್. ಮರಿಗೌಡರ ಮುತುವರ್ಜಿಯಿಂದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದು ಅದು. ಬೆಳೆಗಾರರದೇ ಸಂಸ್ಥೆ. ಮಾವಿನ ಕಾಲದಲ್ಲಿ ಮಾವು ಅಭಿವೃದ್ಧಿ ನಿಗಮದ ಕರ್ಸಿರಿ ಎಂಬ ಪೋರ್ಟಲ್ ಇದೆ. 2019ರಿಂದ ಅಂಚೆ ಇಲಾಖೆಯವರೇ ರೈತರ ಹಣ್ಣನ್ನು ಮೂರು ಕೆಜಿ ಡಬ್ಬದಲ್ಲಿ ಬೆಂಗಳೂರಿನ ಮನೆಗಳಿಗೆ ತಲುಪಿಸುತ್ತಿದ್ದಾರೆ. ಬೇಳೆ, ಎಣ್ಣೆ, ಸೋಪು ಅಂಗಡಿಯಿಂದಲೇ ತನ್ನಿ, ಅದರಲ್ಲಿ ತಪ್ಪೇನಿಲ್ಲ.

ಜೆ.ಪಿ. ನಗರದ ಅಡುಗೆಮನೆ (ಐದು ವಾರದ ನಂತರ)

ಆಗಿದ್ದನ್ನು ತಿಳಿಸಬೇಕು ಅನ್ನಿಸಿತು. ಮುಂದಿನ ಭಾನುವಾರವೇ ತೋಟಕ್ಕೆ ಹೋಗಿ ಬಂದೆವು. ಬೋರ್ ನೀರು. ಔಷಧಿ ಯಾವಾಗ ಹೊಡೆದಿರಿ ಎಂದು ಕೇಳಿದ್ದಕ್ಕೆ ಅವರು ಬೇಸರ ಮಾಡಿಕೊಳ್ಳಲಿಲ್ಲ. ಬೇವಿನೆಣ್ಣೆ, ಹುಳಿ ಮಜ್ಜಿಗೆ ಬಿಟ್ಟು ಬೇರೇನೂ ಹಾಕಿಲ್ಲ ಎಂದು ಡ್ರಮ್ ತೋರಿಸಿದರು. ಹುಳ ಯಾಕೆ ಬಂತು ಎಂದು ಮಗಳಿಗೆ ಅಲ್ಲೇ ಅರ್ಥವಾಯಿತು. ಬುಟ್ಟಿಯನ್ನು ಎದುರು ಮನೆಯವರ ಜೊತೆ ಅರ್ಧರ್ಧ ಹಂಚಿಕೊಂಡಿದ್ದೇವೆ. ಆರು ತಿಂಗಳು ಬಿಡುವುದಿಲ್ಲ ಎಂದು ರೈತರಿಗೆ ಮಾತು ಕೊಟ್ಟಿದ್ದೇವೆ. ಬೇಳೆ, ಎಣ್ಣೆ, ಕಾಫಿಪುಡಿಗೆ ತಿಂಗಳಿಗೊಮ್ಮೆ ಸೂಪರ್‌ಮಾರ್ಕೆಟ್.

ಅಕ್ಕಡಿ ಅವರೆ ಇತ್ತು. ನಾಲ್ಕು ಕೆಜಿ ತಂದೆವು. ಅತ್ತೆ, ಮಗಳು ಇಬ್ಬರೂ ಮೊರದ ಮುಂದೆ ಕೂತು ಸುಲಿದರು. ಕಾಳನ್ನು ರಾತ್ರಿ ನೀರಿಗೆ ಹಾಕಿ, ಬೆಳಿಗ್ಗೆ ಹಿಚುಕಿ, ಹಿತಕಿದ ಬೇಳೆ ಸಾರು, ಮುದ್ದೆ ಮಾಡಿದೆವು. ಮಗಳು ಸ್ಕೂಲಿನಿಂದ ಬಂದು "ಇನ್ನೂ ವಾಸನೆ ಇದೆ ನೋಡಮ್ಮ" ಎಂದು ಬೆರಳು ನನ್ನ ಮೂಗಿನ ಹತ್ತಿರ ಹಿಡಿದಳು.

ಮಾಲೂರಿನ ಅಣ್ಣ, ಇನ್ನೊಂದು ಕೇಳಬೇಕಿತ್ತು. ಸಿಪ್ಪೆ ಒಂದು ಚೀಲದ ತುಂಬ ಉಳಿದಿದೆ. ಶನಿವಾರ ಬುಟ್ಟಿ ತರುವ ಗಾಡಿಯಲ್ಲೇ ವಾಪಸ್ ಕಳಿಸಿದರೆ ಅವರ ಹಸುಗಳಿಗೆ ಆಗುತ್ತದಾ?

ಮಾಲೂರಿನ ತೋಟದವನು

ಧಾರಾಳವಾಗಿ ಆಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ, ಬೆವತು ಬೂಷ್ಟು ಹಿಡಿಯುತ್ತದೆ. ಗೋಣಿಚೀಲಕ್ಕೆ ಹಾಕಿ, ಬಾಯಿ ಬಿಚ್ಚಿಟ್ಟೇ ಕಳಿಸಿ.